ಫುಲ್ ಚಾರ್ಜಿನ ಇಳಿಜಾರು

ಮಳವಳ್ಳಿ, ನವೆಂಬರ್ 11, ಮಂಗಳವಾರ

ಶಶಿರೇಖಕ್ಕ ಬಿದ್ದದ್ದು ನನ್ನ ಮಾತು ನಂಬಿ. ಎರಡು ತಿಂಗಳಿಂದ ಇದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಕೆಲಸಕ್ಕಿರುವ ಅಂಗಡಿಯಿಂದ ಅವರಿಗೆ ಎಲೆಕ್ಟ್ರಿಕ್ ಸ್ಕೂಟರ್ ಗಾಡಿ ಕೊಡುವಾಗ ನಾನೇ ಹೇಳಿದ್ದೆ: "ಇಳಿಜಾರಲ್ಲಿ ಆಕ್ಸಿಲೇಟರ್ ಬುಟ್ಬುಡಕ್ಕ, ಬ್ರೇಕೇ ಬ್ಯಾಡ. ಮೋಟ್ರೇ ಇಡ್ಕತದೆ, ಬ್ಯಾಟ್ರಿಗೂ ಚಾರ್ಜ್ ಆಯ್ತದೆ." ಅದು ಅರ್ಧ ನಿಜ. ಬ್ಯಾಟರಿ ತುಂಬಿದ್ದರೆ ಮೋಟಾರು ಹುಟ್ಟಿಸುವ ಕರೆಂಟಿಗೆ ಹೋಗಲು ಜಾಗವಿಲ್ಲ, ಗಾಡಿ ಆ ಹಿಡಿತವನ್ನೇ ಬಿಟ್ಟುಬಿಡುತ್ತದೆ. ಉಳಿಯುವ ಸಣ್ಣ ತಡೆ ಇಳಿಜಾರಿಗೆ ಸಾಲದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದು ಗೊತ್ತಾದದ್ದು ಅಕ್ಕ ಬಿದ್ದ ಮೇಲೆ. ಹಲಗೂರಿನಾಚೆ ದಿಬ್ಬದ ಮೇಲಿನ ತವರಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಗ್ಗೆ ಇಳಿದಿದ್ದರು. ಬ್ರೇಕ್ ಹಿಡಿಯುವಷ್ಟರಲ್ಲಿ ತಿರುವು ಬಂತು. ಬಲಗೈ ಮುರಿಯಿತು.

"ಎಂಗಸ್ರಿಗೆ ಗಾಡಿ ಕೊಟ್ರೆ ಇಂಗೇ" ಎಂದು ಓನರ್ ಸಿದ್ದರಾಜಣ್ಣ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಪಕ್ಕದಲ್ಲಿ ನಿಂತು ನಾನೂ ನಕ್ಕಿದ್ದೇನೆ.

ಇವತ್ತು ಕಿರುಗಾವಲಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ನಂಗೆ ಓಡ್ಸಕ್ ಬರಕಿಲ್ಲ ಅಂತ ನಮ್ ಯಜಮಾನ್ರು ಓದ್ವಾರ ಗಾಡಿ ಮಾರುದ್ರು ಕಣಪ್ಪ. ಆಗ ಎಲ್ಲೋಗಿದ್ದೆ?"

ಅಂಗಡಿಗೆ ಬಂದು, ಇನ್ನು ಮೇಲೆ ಗಾಡಿ ಕೊಡುವಾಗ ಪೂರ್ತಿ ನಿಜ ಹೇಳೋಣ ಎಂದೆ. "ನೆಟ್ಟಗೆ ಎಸ್ಸೆಲ್ಸಿ ಕಟ್ಟಿಲ್ಲ, ನಂಗೇ ಪಾಠ ಏಳ್ತೀಯೇನ್ಲಾ? ನಾಳೆಯಿಂದ ಬರ್ಬ್ಯಾಡ ಓಗು" ಎಂದರು ಸಿದ್ದರಾಜಣ್ಣ.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಸುಳ್ಳು. ಅಕ್ಕನಿಗೆ ಗಾಡಿಯೂ ಇಲ್ಲ, ಓಡಿಸಲು ಬರುತ್ತಿತ್ತು ಎಂಬ ಹೆಸರೂ...

ನಾಳೆ ಬೆಳಗಿನ ಬಸ್ಸಿಗೆ ಬೇರೆ ಕೆಲಸ ಹುಡುಕಿಕೊಂಡು ಮದ್ದೂರಿಗೆ ಹೊರಡುತ್ತೇನೆ.