ದೇವವ್ವನ ತುಟಿಗೆ ಬಂದ ನಗೆ

ಗಜೇಂದ್ರಗಡ
೧೨ ಜುಲೈ ೨೦೨೪

ಚಿ. ಸೌ. ಭುವನೇಶ್ವರಿಗೆ ಅಪ್ಪನ ಆಶೀರ್ವಾದ.

ಮೊನ್ನೆ ನರಗುಂದಕ್ಕೆ ಬಂದೂ ನಾನು ನಿಮ್ಮ ಮನೆಗೆ ಬರಲಿಲ್ಲ ಅಂತ ನಿನಗೆ ಸುದ್ದಿ ಮುಟ್ಟಿರಬೇಕು. ನಿನ್ನ ವಿಡಿಯೋ ಕಾಲ್ ಕೂಡ ನಾವು ಎತ್ತುತ್ತಿಲ್ಲ. ನೀನು ಸಿಟ್ಟಾಗಿದ್ದರೆ ಅದು ನ್ಯಾಯವೇ. ಬಸುರಿ ಹೆಂಗಸು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಮುಶಿಗೇರಿಯ ಹನಮಂತಪ್ಪನ ಹೆಂಡತಿ ದೇವವ್ವ ತೀರಿ ವರ್ಷವಾಗುತ್ತ ಬಂತು. ಅವಳದು ಅಂತ ಇರುವುದು ಆಧಾರ್ ಕಾರ್ಡಿನ ಫೋಟೋ ಒಂದೇ. "ಪೊಲೀಸರು ಹಿಡಕೊಂಡು ಬಂದಾಂಗ ಕಾಣ್ತಾಳ್ರಿ. ನಕ್ಕಾಂಗ ಚಿತ್ರ ತಗದು ಕೊಡ್ರಿ, ವರ್ಷದ ಪೂಜಾಕ್ಕ ಇಡಬೇಕು" ಅಂದ.

ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಮುಖವನ್ನು ಫೋಟೋ ನೋಡಿ ಬರೆಯುತ್ತೇನೆ, ನಗೆಯನ್ನು ಮಾತ್ರ ನಿಮ್ಮವ್ವನನ್ನು ಎದುರಿಗೆ ಕೂಡ್ರಿಸಿಕೊಂಡು ಬರೆಯುತ್ತೇನೆ. "ಊರೂರಿನ ಗ್ವಾಡಿ ಮ್ಯಾಲೆ ನಾನಽ ನಗಾಕತ್ತೀನಿ, ಒಬ್ಬರರ ಕರದು ಚಹಾ ಕೊಡ್ತಾರೇನು?" ಅಂತ ಅವಳು ಚೇಷ್ಟೆ ಮಾಡುತ್ತಿದ್ದಳು. ಈ ಸಲ ಅವಳು ಕೂಡ್ರಲಿಲ್ಲ. ನೆನಪಿನಿಂದಲೇ ಬರೆದೆ. ಹನಮಂತಪ್ಪ ಬಂದು ನೋಡಿ, "ತುಟಿ ನಗಾಕತ್ಯಾವ, ಕಣ್ಣು ಅಳಾಕತ್ಯಾವಲ್ರಿ" ಅಂದ. ಅವನ ಮಾತು ಸುಳ್ಳಲ್ಲ.

ಅದಕ್ಕೇ ನರಗುಂದಕ್ಕೆ ಬಂದದ್ದು. ಅಲ್ಲಿ ರಾಜೇಶ್ವರಿಯ ಮನೆಯಲ್ಲಿ, ನೀನು ಸಾಲಿಗೆ ಹೋಗುವಾಗ ನಾನು ಬರೆದ ಅವರತ್ತೆ ಮುದುಕವ್ವನ ಚಿತ್ರವಿದೆ. ಅದರ ಮುಂದೆ ಕೂತು ಪೆನ್ಸಿಲಿನಲ್ಲಿ ನಗೆಯನ್ನು ಇಳಿಸಿಕೊಂಡೆ. ಕೆಳಗಿನ ರೆಪ್ಪೆ ಕೊಂಚ ಮೇಲೆದ್ದು, ಎಡಗೆನ್ನೆ ಮೊದಲು ಉಬ್ಬುವ ನಗೆ. ಕಣ್ಣಲ್ಲಿ ನೀರು ಬಂತು. "ನಮ್ಮತ್ತಿ ಅಷ್ಟು ನೆನಪಾದ್ರೇನ್ರಿ ಕಾಕಾ?" ಅಂತ ರಾಜೇಶ್ವರಿ ಕೇಳಿದಳು. ಹೌದು ಅಂದೆ. ಆ ಮುಖ ಹೊತ್ತು ನಿನ್ನ ಮುಂದೆ ಬರುವ ಧೈರ್ಯವಾಗಲಿಲ್ಲ.

ನಿನ್ನೆ ಹನಮಂತಪ್ಪ ಚಿತ್ರ ನೋಡಿ ಬಿಕ್ಕಿ ಬಿಕ್ಕಿ ಅತ್ತ. "ಈಗ ನಮ್ಮಾಕಿ ಆದ್ಲು ನೋಡ್ರಿ" ಅಂದು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಪಂಚಮಿಗೆ ಕರೆಯಲು ನಾನೇ ಬರುತ್ತೇನೆ. ನೀನು, ನಿನ್ನ ಹೊಟ್ಟೆಯ ಕೂಸು, ಇಬ್ಬರೂ ಸುಖವಾಗಿರಿ.

ನಿನ್ನ ಅಪ್ಪ,
ಅಂದಾನೆಪ್ಪ

ತಾ.ಕ.: ಇನ್ನು ಮುಚ್ಚಿಡಲಾರೆ. ತಿಂಗಳ ಹಿಂದೆ ನಿಮ್ಮವ್ವನ ಮುಖಕ್ಕೆ ಲಕ್ವಾ ಹೊಡೆದಿದೆ. ಜೀವಕ್ಕೆ ಭಯವಿಲ್ಲ ಅಂತ ದವಾಖಾನೆಯಲ್ಲಿ ಹೇಳಿದ್ದಾರೆ. ಆದರೆ ನಗಲು ಹೋದರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಸೆರಗು ಮುಚ್ಚಿಕೊಳ್ಳುತ್ತಾಳೆ. ಬಂದಾಗ ಅವಳ ಮುಂದೆ ಅಳಬೇಡ. ನಿನ್ನೆ ಹನಮಂತಪ್ಪ ಬರುವ ಮೊದಲು ಅವಳು ದೇವವ್ವನ ಚಿತ್ರದ ತುಟಿಯನ್ನು ಮುಟ್ಟಿ ಮುಟ್ಟಿ ನೋಡಿ, "ಇದೊಂದನ್ನ ಕೊಡಬ್ಯಾಡ್ರಿ" ಅಂತ ತೊದಲಿದಳು. ಕೊಟ್ಟುಬಿಟ್ಟೆ, ಭುವನಾ.