ಬಾಗಿಲಾಚೆ ಬಿಟ್ಟ ಶೂ

ಜೂನ್ 4
ಕೋಚ್ ಅಂತ ಹೆಸರಿಗೆ, ಇವತ್ತೂ ನೆಲ ಒರೆಸಿದ್ದು ನಾನೇ. ಜೂಡೋ ಹಾಲ್‌ಗೆ ಹೊಸ ಮ್ಯಾಟ್ — ಕ್ರೀಡಾ ಇಲಾಖೆ ಆಫೀಸಿನವರ ಕೈಕಾಲು ಹಿಡಿದು ತರಿಸಿದ್ದು. ಶೂ ಬಾಗಿಲಾಚೆಯೇ ಬಿಡಬೇಕು ಎಂದು ರೂಲ್ ಮಾಡಿದೆ. ಎಲ್ಲರೂ ಗೊಣಗಿದರು.

"ಅತ್ತೆ, ಈ ಸಾಕ್ಸ್ ವಾಸನೆಗೆ ಯಾವ ನಶೆನೂ ಇಳಿದುಹೋಗುತ್ತೆ ಬಿಡಿ," ಎಂದಳು ಮಿಡತೆ. ಅಣ್ಣನ ಮಗಳು, ಮಿಡತೆ ಅಂತ ನಾವು ಕರೆಯೋದು. ನಶೆಯ ಪುಡಿ ಸೇದುವುದು ಬಿಟ್ಟು ಈಗಷ್ಟೇ ಮೈಗೆ ರಕ್ತ ತುಂಬುತ್ತಿದೆ. ದಪ್ಪ ದಪ್ಪ ಹುಡುಗರನ್ನು ಎತ್ತಿ ಒಗೆಯುತ್ತಾಳೆ.

ಜೂನ್ 19
ಆಡಲು ಬಾರದವರೂ ಬರುತ್ತಿದ್ದಾರೆ. ಕಾಲಿಡಲು ಜಾಗವಿಲ್ಲ. ನನಗಂತೂ ಖುಷಿಯೋ ಖುಷಿ.

ಜೂನ್ 27, ಸಂಜೆ
ಗುಡಿಸುವಾಗ ಒಂದು ಶೂ ಮಗುಚಿತು. ಒಳಗೆ ಪುಡಿಯ ಪೊಟ್ಟಣ. ಪಕ್ಕದ್ದರಲ್ಲೂ. ಒಳಗೆ ಇವರು ಆಡುವಾಗ ಹೊರಗೆ ಯಾರೋ ಶೂಗಳಿಗೆ ತುಂಬಿಸಿ ಹೋಗುತ್ತಾರೆ. ನನ್ನ ರೂಲ್, ಅವರ ಅಂಗಡಿ!

ಮಿಡತೆಯನ್ನು ಕೇಳಿದೆ.

"ನನ್ ಶೂನಲ್ಲೂ ದಿನಾ ಇಡ್ತಾರೆ. ಬಿಟ್ಟಿ. ದಿನಾ ಚರಂಡಿಗೆ ಸುರೀತೀನಿ."

"ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಹಾಲ್ ಮುಚ್ಚಿಸ್ತಾರೆ ಅತ್ತೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ?"

ಜೂನ್ 28
ಆಫೀಸಿಗೆ ಹೇಳಿಬಿಟ್ಟೆ. ಶೂ ಇಡಲು ಒಳಗೊಂದು ರ‍್ಯಾಕ್ ಕೊಡಿ ಎಂದೆ, ಅಷ್ಟೇ. ಸಾಹೇಬರು ಬೀಗ ಕಳಿಸಿದರು. "ಸ್ವಲ್ಪ ದಿನ ಮೇಡಂ. ಹೆಸರು ಕೆಡಬಾರದು ನೋಡಿ." ಯಾರ ಹೆಸರೋ!

ಜುಲೈ 6
ಪ್ರಾಕ್ಟೀಸಿಗೆಂದು ಮಿಡತೆಗೆ ನಮ್ಮನೆ ಟೆರೇಸಿನಲ್ಲಿ ಹಾಸಿಗೆ ಹಾಸಿಕೊಟ್ಟೆ. ಒಂದು ಸಲ ಬಿದ್ದಳು, ಮೊಣಕೈ ತರಚಿತು.

"ಇದ್ರ ಮೇಲೆ ಮಲಗ್ಬಹುದು ಅತ್ತೆ, ಬೀಳೋಕಾಗಲ್ಲ."

ನಕ್ಕಳು. ನನಗೆ ನಗು ಬರಲಿಲ್ಲ. ಸಂಜೆಯೆಲ್ಲ ಬೀಗ ಹಾಕಿದ ಹಾಲ್‌ನ ಮೆಟ್ಟಿಲ ಮೇಲೆ ಕೂತಿರುತ್ತಾಳಂತೆ. ಅಣ್ಣ ಬೈದರೂ ಕೇಳುವುದಿಲ್ಲ. ಆಫೀಸಿಗೆ ಅಲೆದು ಅಲೆದು ಸಾಕಾಯಿತು. ಕೈ ಚೆಲ್ಲಿ ಕೂತಿದ್ದೇನೆ.

ಜುಲೈ 23
ರ‍್ಯಾಕ್ ಬಂತು! ಬೀಗದ ಕೈಯೂ. ಬಡಗಿಯನ್ನು ಕರೆದುಕೊಂಡು ಹೋದೆ. ಮಿಡತೆಗೆ ಹೇಳೋಣವೆಂದರೆ ಫೋನ್ ಸ್ವಿಚ್ ಆಫ್.

"ಮೇಡಂ, ಇದ್ಯಾರ್ದು ಶೂ? ಒಳಗಿಡ್ಲಾ?" ಎಂದ ಬಡಗಿ.

ಅವಳದೇ. ಮುಚ್ಚಿದ ಬಾಗಿಲಿನ ಪಕ್ಕ, ಗೋಡೆಗೆ ಒತ್ತಿ ಜೋಡಿಸಿಟ್ಟಿದ್ದು. ಆಡಲು ಒಳಗೆ ಹೋದವಳ ಹಾಗೆ. ಒಳಗೆ ಕೈ ಹಾಕಿದೆ. ಪೊಟ್ಟಣ ಹರಿದಿತ್ತು, ಖಾಲಿ. ಚರಂಡಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ, ಎಲ್ಲಾದರೂ ಸುರಿದಿದ್ದಾಳೇನೋ ಎಂದು. ಒಣಗಿತ್ತು, ಪುಡಿಯ ಗುರುತೂ ಇರಲಿಲ್ಲ.

ಅಣ್ಣನಿಗೆ ಫೋನ್ ಮಾಡಬೇಕೆನ್ನುವಷ್ಟರಲ್ಲಿ ಅವನದೇ ಬಂತು. "ರಾತ್ರಿ ನಿಮ್ಮನೇಲೇ ಉಳ್ಕೊಂಡ್ಳಾ?" ಎಂದ. ಇಲ್ಲ ಎಂದೆ, ಅವಳ ಶೂ ಎತ್ತಿಕೊಂಡು ಹುಡುಕಲು ಹೊರಟೆ.