ಫೋಕಾಳ ದೊಡ್ಡಿಗೆ ಕಾಲಿಟ್ಟೆ

ಜುಲೈ ೧೪, ಮಂಗಳವಾರ

ತಮ್ಮ ಥಾಬಿಸೊನ ಭೇದಿ ಇವತ್ತು ನಿಂತಿತು. ಚಿಕ್ಕಪ್ಪ ಮೊಶೋಲಿಯ ಬಾಯಿ ಮಾತ್ರ ನಿಲ್ಲಲಿಲ್ಲ.

"ಆ ಫೋಕಾ ಕುದ್ರೆ ಲದ್ದೀಲಿ ಹುಳ ನಾನೇ ಕಂಡೆ ಕಣೇ. ಅದೇ ಮಗು ಹೊಟ್ಟೆ ಸೇರಿರೋದು. ಶನಿವಾರ ಕುದ್ರೇನ ಮಾರ್ಬಿಡ್ತೀನಿ."

ಆಸ್ಪತ್ರೆಯ ನರ್ಸಮ್ಮ ಹೇಳಿದ್ದೇ ಬೇರೆ. ಕುದುರೆಯ ಹುಳ ಮನುಷ್ಯರ ಹೊಟ್ಟೆಯಲ್ಲಿ ಬಾಳುವುದು ಬಲು ಅಪರೂಪವಂತೆ. ಆದರೆ ಹಸಿ ಲದ್ದಿಯಲ್ಲಿ ಭೇದಿ ತರುವ, ಕಣ್ಣಿಗೆ ಕಾಣದ ರೋಗಾಣು ಇರಬಹುದಂತೆ. ಲದ್ದಿ ಕಲಸಿ ನೆಲ ಸಾರಿಸಿದ ಕೈಯನ್ನು ಬರೀ ಲಂಗಕ್ಕೆ ಒರೆಸಿಕೊಂಡು ಅವನಿಗೆ ಜೋಳದ ಮುದ್ದೆ ಉಣಿಸಿದವರು ನಾವು. ಫೋಕಾ ಏನು ಮಾಡಿಯಾಳು?

ಫೋಕಾಗೆ ಹುಳದ ಮದ್ದು ಕುಡಿಸು ಎಂದು ನಾನು ಹೇಳಿದರೆ ಚಿಕ್ಕಪ್ಪ ಕಂಬಳಿ ಹೊದ್ದು ಕೂತೇ ಇದ್ದ. ನಮ್ಮ ಬಸೋಥೊ ಜನರಲ್ಲಿ ಹೆಣ್ಣು ದನ-ಕುದುರೆಯ ದೊಡ್ಡಿಗೆ ಕಾಲಿಡಬಾರದು. ನಾನು ಇಟ್ಟೆ.

"ಅಯ್ಯೋ ಪಾಪಿ, ಕುದ್ರೆ ಬರಡಾಗ್ತದೆ!"

"ಮಾರೋ ಕುದ್ರೆ ಬರಡಾದ್ರೆ ನಿಂಗೇನು ಚಿಕ್ಕಪ್ಪಾ?"

ಫೋಕಾಳ ಬಾಯಿಗೆ ಮದ್ದಿನ ಬಾಟಲಿ ಇಟ್ಟೆ. ಅವಳು ಅರ್ಧ ಮದ್ದನ್ನು ನನ್ನ ಮುಖಕ್ಕೇ ಉಗುಳಿದಳು. ಮತ್ತೆ ಕುಡಿಸಿದೆ. ಅಮ್ಮ ದೊಡ್ಡಿಯ ಗೋಡೆಯಾಚೆಯಿಂದ ಕೈ ತೊಳೆಯಲು ಸೋಪು ಚಾಚಿದಳು.

ಶನಿವಾರ ಫೋಕಾಳ ಹಗ್ಗ ನನ್ನ ಕೈಯಲ್ಲಿರುತ್ತದೆ. ಬೇಕಿದ್ದರೆ ಚಿಕ್ಕಪ್ಪ ದೊಡ್ಡಿಯೊಳಗೆ ಬಂದು ಬಿಡಿಸಿಕೊಳ್ಳಲಿ. ನಾನಂತೂ ಬಿಡುವುದಿಲ್ಲ.